ಬೀಗ ಹಾಕಿದ ಮನೆ, ಬಾಡಿಗೆಯ ಬದುಕು

ಕರಾವಳಿಯ ಯಾವ ಹಳ್ಳಿಗೆ ಹೋದರೂ ಇಂತಹ ಮನೆಯೊಂದು ಕಣ್ಣಿಗೆ ಬೀಳುತ್ತದೆ. ಎರಡಂತಸ್ತಿನ ಕಟ್ಟಡ, ಅಮೃತಶಿಲೆಯ ನೆಲ, ಅಂಗಳದ ತುಂಬ ತೆಂಗಿನ ನೆರಳು, ಗೇಟಿಗೆ ಬೀಗ. ನೆರೆಮನೆಯವರು ವಾರಕ್ಕೊಮ್ಮೆ ಬಂದು ಕಿಟಕಿ ತೆರೆದು ಗಾಳಿಯಾಡಿಸುತ್ತಾರೆ. ಮನೆಯ ಯಜಮಾನರು ಕುವೈತಿನಲ್ಲೋ ದುಬೈಯಲ್ಲೋ ಎರಡು ಕೋಣೆಗಳ ಬಾಡಿಗೆಯ ಫ್ಲ್ಯಾಟಿನಲ್ಲಿದ್ದಾರೆ. ಸ್ವಂತ ಮನೆಯಲ್ಲಿ ವರ್ಷಕ್ಕೊಂದು ತಿಂಗಳು, ಬಾಡಿಗೆಯ ಮನೆಯಲ್ಲಿ ಹನ್ನೊಂದು ತಿಂಗಳು. ಹೀಗೆಯೇ 25-30 ವರ್ಷಗಳು ಸಂದಿವೆ. ‘ನಿಮ್ಮ ಮನೆ ಯಾವುದು?’ ಎಂದು ಕೇಳಿದರೆ ಅವರಿಂದ ಉತ್ತರ ಕೂಡಲೇ ಬರುವುದಿಲ್ಲ.

ಈ ತಡವರಿಕೆಯನ್ನು ಕೇವಲ ಊರಿನ ನೆನಪು ಎಂದು ತಳ್ಳಿಹಾಕುವುದು ಸುಲಭ. ರಜೆಯಲ್ಲಿ ಬಂದವರೊಡನೆ ಮಾತನಾಡುವಾಗ ನಮಗೆ ಕಂಡುಬಂದದ್ದು ಅದಕ್ಕಿಂತ ಆಳವಾದುದು. ಮರಳುಗಾಡಿನಲ್ಲಿದ್ದಾಗ ಅವರ ಮನಸ್ಸು ಜೂನ್ ತಿಂಗಳ ಮೊದಲ ಮಳೆಗಾಗಿ ಹಂಬಲಿಸುತ್ತದೆ. ಊರಿಗೆ ಬಂದು ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲಿಯ ದಿನಚರಿ, ಅಲ್ಲಿಯ ಗೆಳೆಯರು, ಅಲ್ಲಿಯ ಶುಕ್ರವಾರ ನೆನಪಾಗುತ್ತವೆ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ. ಆದುದರಿಂದ ಅಲ್ಲಿಯ ಕಥೋಲಿಕರು ಭಾನುವಾರದ ಬಲಿಪೂಜೆಗೆ ಬಹುಮಟ್ಟಿಗೆ ಶುಕ್ರವಾರವೇ ಸೇರುತ್ತಾರೆ. ಹಲವು ವರ್ಷ ಹಾಗೆ ನಡೆದುಕೊಂಡವರಿಗೆ ಊರಿನ ಶುಕ್ರವಾರ ಬರಿದೆನಿಸುತ್ತದೆ. ಅಲ್ಲಿದ್ದಾಗ ಇಲ್ಲಿಯವರು, ಇಲ್ಲಿದ್ದಾಗ ಅಲ್ಲಿಯವರು ಎಂಬ ಸ್ಥಿತಿ ಇದು.

ಎರಡು ದೇಶ, ಅರ್ಧ ಹಕ್ಕು

ಅಮೆರಿಕ, ಕೆನಡಾಗಳಿಗೆ ಹೋದವರ ಮುಂದೆ ಒಂದು ಹಂತದಲ್ಲಿ ಆಯ್ಕೆಯಾದರೂ ಬಂದು ನಿಲ್ಲುತ್ತದೆ. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ನಮ್ಮ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. 2006ರಿಂದ ನೀಡಲಾಗುತ್ತಿರುವ ಸಾಗರೋತ್ತರ ಭಾರತೀಯ ಪೌರರ ಕಾರ್ಡಿನ ಹೆಸರಿನಲ್ಲಿ ಪೌರತ್ವವಿದ್ದರೂ ಅದು ಮತದಾನದ ಹಕ್ಕನ್ನಾಗಲಿ, ಕೃಷಿಭೂಮಿಯನ್ನು ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ. ಆ ನಷ್ಟವನ್ನು ಬಲ್ಲವರೇ ಆಯ್ಕೆ ಮಾಡುತ್ತಾರೆ.

ಗಲ್ಫಿಗೆ ಹೋದವರಿಗೆ ಸಾಮಾನ್ಯವಾಗಿ ಆ ಆಯ್ಕೆಯೂ ಇಲ್ಲ. ಅಲ್ಲಿ ಹೊರನಾಡಿಗರಿಗೆ ಪೌರತ್ವ ದೊರೆಯುವುದು ತೀರಾ ಅಪರೂಪ. ಹೆಚ್ಚಿನವರ ವಾಸದ ಪರವಾನಗಿ ಕೆಲಸಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಕೆಲವೇ ದಿನಗಳಲ್ಲಿ ದೇಶ ಬಿಡುವ ಚಿಂತೆ. ಸಂಯುಕ್ತ ಅರಬ್ ಸಂಸ್ಥಾನ 2019ರಿಂದ ಕೆಲವರಿಗೆ ದೀರ್ಘಾವಧಿಯ ‘ಗೋಲ್ಡನ್ ವೀಸಾ’ ಕೊಡುತ್ತಿದೆಯಾದರೂ ಅದು ವಾಸದ ಅನುಮತಿಯೇ ಹೊರತು ಪೌರತ್ವವಲ್ಲ. ಇತ್ತ ತಾಯ್ನಾಡಿನಲ್ಲಿ ಪೌರತ್ವವಿದೆ, ಪಾಲ್ಗೊಳ್ಳುವ ಅವಕಾಶ ಕಡಿಮೆ. 2010ರ ತಿದ್ದುಪಡಿಯ ಬಳಿಕ ಅನಿವಾಸಿ ಭಾರತೀಯರ ಹೆಸರು ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಬೇಕಾದರೆ ಊರಿನ ಮತಗಟ್ಟೆಗೇ ಬರಬೇಕು. ದುಡಿಯುವ ನೆಲದಲ್ಲಿ ಹಕ್ಕಿಲ್ಲ, ಹಕ್ಕಿರುವ ನೆಲದಲ್ಲಿ ಇರವಿಲ್ಲ.

ಈ ಬದುಕು ಎಷ್ಟು ಅಸ್ಥಿರವೆಂಬುದನ್ನು ಇತಿಹಾಸವೇ ತೋರಿಸಿದೆ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ, ಹಲವು ವರ್ಷಗಳ ಗಳಿಕೆಯನ್ನು ಅಲ್ಲಿಯೇ ಬಿಟ್ಟು ನಮ್ಮವರು ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಮರುವರ್ಷ ಯುದ್ಧ ಮುಗಿದ ಮೇಲೆ ಅವರಲ್ಲಿ ಅನೇಕರು ಮತ್ತೆ ಕುವೈತಿಗೇ ಹೊರಟರು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಬಜಪೆಯಲ್ಲಿ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿ 158 ಮಂದಿ ಮಡಿದರು. ಉಳಿದವರು 8 ಮಂದಿ. ಊರು ಸೇರಲು ಕೆಲವೇ ನಿಮಿಷಗಳಿದ್ದವು. 2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕ ರೋಗದ ನಡುವೆ, ಗರ್ಭಿಣಿಯರೂ ಕೆಲಸ ಕಳೆದುಕೊಂಡವರೂ ವಿಶೇಷ ವಿಮಾನಗಳಿಗಾಗಿ ಕಾದು ಮಂಗಳೂರಿಗೆ ಬಂದಿಳಿದರು. ಆಪತ್ತು ಬಂದಾಗಲೆಲ್ಲ ನೆನಪಾಗುವುದು ತಾಯ್ನಾಡು. ಆಪತ್ತು ಕಳೆದ ಮೇಲೆ ಅನ್ನ ಕರೆಯುವುದು ಪರನಾಡಿಗೆ.

ತಂದೆಗೆ ಮರಳುವಿಕೆ, ಮಗನಿಗೆ ವಲಸೆ

ಈ ಒಡಕು ಅತಿ ತೀಕ್ಷ್ಣವಾಗಿ ಕಾಣುವುದು ಮಕ್ಕಳಲ್ಲಿ. ಗಲ್ಫಿನಲ್ಲಿಯೇ ಹುಟ್ಟಿ ಅಲ್ಲಿಯ ಭಾರತೀಯ ಶಾಲೆಯಲ್ಲಿ ಓದಿದ ಹುಡುಗನು ಭಾರತದ ನದಿಗಳ ಹೆಸರುಗಳನ್ನು ಪಠ್ಯಪುಸ್ತಕದಿಂದ ಬಲ್ಲ; ತನ್ನ ಅಜ್ಜನ ತೋಟದ ತೋಡಿನಲ್ಲಿ ಅವನು ಕಾಲಿಟ್ಟಿರುವುದಿಲ್ಲ. ಹನ್ನೆರಡನೆಯ ತರಗತಿ ಮುಗಿಯುತ್ತಲೇ ಅವನನ್ನು ಮಂಗಳೂರಿನ ಕಾಲೇಜಿಗೆ ಸೇರಿಸುತ್ತಾರೆ. ತಂದೆಯ ದೃಷ್ಟಿಯಲ್ಲಿ ಮಗ ಊರಿಗೆ ಮರಳಿದ್ದಾನೆ. ಮಗನ ಪಾಲಿಗಾದರೋ ಅದು ಹುಟ್ಟೂರನ್ನು ಬಿಟ್ಟುಬಂದ ದುಃಖ. ಆ ಹುಟ್ಟೂರು ಅವನನ್ನು ತನ್ನವನೆಂದು ಒಪ್ಪಿಕೊಂಡಿಲ್ಲ. ಊರಿನವರೂ ಅವನನ್ನು ‘ಗಲ್ಫಿನ ಹುಡುಗ’ ಎಂದೇ ಕರೆಯುತ್ತಾರೆ. ಅವನ ಮೌನವನ್ನು ಹಮ್ಮು ಎಂದು ತಿಳಿಯುವ ಅಧ್ಯಾಪಕರೂ ಬಂಧುಗಳೂ ಇದನ್ನು ಒಂದು ಕ್ಷಣ ಆಲೋಚಿಸಬೇಕು.

ಒಂದೇ ಕುಟುಂಬದ ಒಂದೇ ಪ್ರಯಾಣವು ಇಬ್ಬರಿಗೆ ಎರಡು ವಿರುದ್ಧ ದಿಕ್ಕುಗಳಲ್ಲಿ ಸಾಗುತ್ತದೆಂಬುದನ್ನು ಹೆತ್ತವರು ಬಾಯಿಬಿಟ್ಟು ಚರ್ಚಿಸಿದರೆ ಅರ್ಧ ನೋವು ಶಮನವಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಮಾತು ನಡೆಯುವುದೇ ಇಲ್ಲ.

‘ಇನ್ನೆರಡು ವರ್ಷ’ ಎಂಬ ಮಾತು

ನಮ್ಮ ಅಭಿಪ್ರಾಯದಲ್ಲಿ ಈ ಬದುಕಿನ ನಿಜವಾದ ವ್ಯಾಧಿ ಎರಡು ದೇಶಗಳನ್ನು ಪ್ರೀತಿಸುವುದರಲ್ಲಿ ಇಲ್ಲ. ಎರಡೂ ಕಡೆ ಬದುಕನ್ನು ಮುಂದೂಡುವುದರಲ್ಲಿದೆ. ‘ಇನ್ನೆರಡು ವರ್ಷ, ಮನೆಯ ಸಾಲ ತೀರಲಿ. ಇನ್ನೆರಡು ವರ್ಷ, ಮಗಳ ಮದುವೆಯಾಗಲಿ.’ ತಾತ್ಕಾಲಿಕವೆಂದು ಆರಂಭವಾದದ್ದು ಒಂದು ಆಯುಷ್ಯವನ್ನೇ ನುಂಗುತ್ತದೆ. ಅಲ್ಲಿ ಹೇಗೂ ಬಿಟ್ಟುಹೋಗುವವರೆಂದು ಯಾವ ಹೊಣೆಯನ್ನೂ ಹೊರುವುದಿಲ್ಲ. ಇಲ್ಲಿ ಹೇಗೂ ಬಂದು ನೆಲಸುವವರೆಂದು ಹೆತ್ತವರ ಬಳಿ ಕುಳಿತು ಮಾತನಾಡುವುದನ್ನೂ ಮುಂದಿನ ರಜೆಗೆ ಬಿಡುತ್ತಾರೆ. ಮುಂದಿನ ರಜೆಗೆ ಬಂದಾಗ ಆ ಹೆತ್ತವರು ಇರುವರೆಂಬ ಭರವಸೆಯನ್ನು ಯಾರೂ ಕೊಡಲಾರರು.

ನಮ್ಮ ರೈತರಿಗೆ ಈ ಸತ್ಯ ಗೊತ್ತು. ನೇಜಿಯನ್ನು ಕೀಳುವುದರಿಂದ ಪೈರು ಸಾಯುವುದಿಲ್ಲ. ಕಿತ್ತ ನೇಜಿಯನ್ನು ನೆಡದೆ ಸೂಡಿಯಾಗಿ ಕಟ್ಟಿಟ್ಟರೆ ಅದು ಹಳದಿಯಾಗಿ ಕೊಳೆಯುತ್ತದೆ. ಫ್ರೆಂಚ್ ಚಿಂತಕಿ ಸಿಮೋನ್ ವೇಯ್ಲ್ 1943ರಲ್ಲಿ ಲಂಡನ್ನಿನಲ್ಲಿ, ಸ್ವತಃ ತಾಯ್ನಾಡಿನಿಂದ ದೂರವಿದ್ದು, ಬೇರೂರುವಿಕೆಯ ಕುರಿತು ಒಂದು ಗ್ರಂಥವನ್ನು ಬರೆದರು. ಒಂದು ಸಮುದಾಯದ ಜೀವನದಲ್ಲಿ ನಿಜವಾಗಿ ಪಾಲ್ಗೊಳ್ಳುವುದರಿಂದ ಮನುಷ್ಯನು ಬೇರೂರುತ್ತಾನೆ, ಅವನಿಗೆ ಒಂದಲ್ಲ, ಹಲವು ಬೇರುಗಳು ಬೇಕು ಎಂಬುದು ಅವರ ವಾದದ ಸಾರ. ಪ್ರವಾದಿ ಯೆರೆಮೀಯನು ಬಾಬಿಲೋನಿಗೆ ಸೆರೆಯೊಯ್ಯಲ್ಪಟ್ಟ ತನ್ನ ಜನರಿಗೆ ಬರೆದ ಪತ್ರದಲ್ಲಿಯೂ ಇದೇ ವಿವೇಕವಿದೆ: ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ನಗರದ ಕ್ಷೇಮವನ್ನು ಕೋರಿರಿ ಎಂದನು, ಮರಳುವ ದಿನ ಬರುವುದೆಂದೂ ತಿಳಿಸಿದನು. ಆ ಎರಡು ಮಾತುಗಳು ಒಂದೇ ಪತ್ರದಲ್ಲಿವೆ.

ನಮ್ಮ ಪೂರ್ವಜರ ಬದುಕು ಇದಕ್ಕೆ ನಿದರ್ಶನ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಹದಿನಾರನೆಯ ಶತಮಾನದಿಂದೀಚೆಗೆ ಗೋವೆಯಿಂದ ಬಂದವರು. ಅವರಿಗೂ ಈ ನೆಲ ಪರನಾಡಾಗಿತ್ತು. ತಂದ ಭಾಷೆಯನ್ನು ಅವರು ಬಿಡಲಿಲ್ಲ. ಇಲ್ಲಿಯ ತುಳು, ಕನ್ನಡಗಳನ್ನು ಕಲಿತರು, ಗದ್ದೆ ಮಾಡಿದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಲ್ಲಿಯ ಗದ್ದೆಯ ಹೊಸ ತೆನೆಯನ್ನೇ ದೇವಾಲಯಕ್ಕೆ ತಂದರು. ಇಂದು ಆ ಹಬ್ಬವನ್ನು ಗಲ್ಫಿನಲ್ಲಿರುವ ನಮ್ಮವರೂ ಆಚರಿಸುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಮರಳುವ ವರ್ಷವನ್ನು ಗಂಡ, ಹೆಂಡತಿ, ಮಕ್ಕಳು ಕುಳಿತು ನಿರ್ಧರಿಸಲಿ. ಕೆಲಸದ ಪತ್ರ ಅದನ್ನು ನಿರ್ಧರಿಸುವ ತನಕ ಕಾಯುವುದು ಬೇಡ. ಹೊರನಾಡಿಗರಿಗೆ ಅಲ್ಲಿ ಸಾಮಾನ್ಯವಾಗಿ ದೊರೆಯುವುದು ಸೇವೆಯ ಕೊನೆಯ ಇಡಗಂಟು ಮಾತ್ರ, ತಿಂಗಳ ಪಿಂಚಣಿಯಲ್ಲ. ಮನೆಗೆ ಇನ್ನೊಂದು ಅಂತಸ್ತು ಏರಿಸುವ ಮೊದಲು ಮುಪ್ಪಿನ ಖರ್ಚನ್ನು ಲೆಕ್ಕ ಹಾಕುವುದು ಒಳ್ಳೆಯದು. ಅಲ್ಲಿರುವಷ್ಟು ಕಾಲ ತಮ್ಮದೇ ಕಟ್ಟಡದ ಕಾವಲುಗಾರನ, ಮನೆಗೆಲಸದವಳ ಕಷ್ಟಸುಖ ವಿಚಾರಿಸಲಿ. ಅವರೂ ಯಾವುದೋ ಊರನ್ನು ಬಿಟ್ಟುಬಂದವರೇ.

ಊರಿನಲ್ಲಿರುವ ನಮಗೂ ಕರ್ತವ್ಯವಿದೆ. ದೇವಾಲಯದ ಕಟ್ಟಡ ನಿಧಿಗೆ, ಉತ್ಸವದ ದೀಪಾಲಂಕಾರಕ್ಕೆ ಅವರನ್ನು ನೆನೆಯುವ ನಾವು ಅವರು ಶಾಶ್ವತವಾಗಿ ಮರಳಿ ಬಂದಾಗ ಮರೆಯುತ್ತೇವೆ. ಅರವತ್ತರ ಪ್ರಾಯದಲ್ಲಿ ಊರಿಗೆ ಬಂದವರಿಗೆ ಊರಿನ ಹೊಸ ಮುಖಗಳ ಪರಿಚಯವಿರುವುದಿಲ್ಲ, ಹಳೆಯ ಗೆಳೆಯರಲ್ಲಿ ಕೆಲವರು ಉಳಿದಿರುವುದಿಲ್ಲ. ಅಂತಹವರನ್ನು ಧರ್ಮಕೇಂದ್ರದ ವಾಳೆಯ ಕೂಟಕ್ಕೆ ಕರೆಯಲು ಹೆಚ್ಚು ಖರ್ಚಿಲ್ಲ. ನೆರೆಯಲ್ಲಿ ಬೀಗ ತೆಗೆದ ಮನೆಯೊಂದು ಕಂಡರೆ, ಪ್ರಿಯ ವಾಚಕರೇ, ‘ಯಾವಾಗ ಹೋಗುತ್ತೀರಿ?’ ಎಂಬ ರೂಢಿಯ ಪ್ರಶ್ನೆಯನ್ನು ಕೇಳದಿರೋಣ. ‘ಬನ್ನಿ, ಊಟಕ್ಕೆ ನಮ್ಮಲ್ಲಿಗೆ’ ಎಂದು ಕರೆಯೋಣ.