ನಾಯಿಗೂ ಕಲ್ಲು ನಿಲ್ಲಿಸಿದ್ದರೇ?

ಪ್ರಶ್ನೆ: ಹನ್ನೆರಡು ವರ್ಷ ಮನೆಯವರಲ್ಲೊಬ್ಬನಂತಿದ್ದ ನಮ್ಮ ಮುಧೋಳ ನಾಯಿ ತೀರಿಕೊಂಡಿತು. ಹೊಲದ ಬದುವಿನಲ್ಲಿ ಹೂಳಿ ಕಲ್ಲು ನಿಲ್ಲಿಸಬೇಕೆಂದರೆ ಊರವರು ನಗುತ್ತಾರೆ. ಹಿಂದೆ ಯಾರಾದರೂ ಹೀಗೆ ಮಾಡಿದ್ದುಂಟೇ? (ಓದುಗರೊಬ್ಬರು, ಇಳಕಲ್)

ಉತ್ತರ: ಉಂಟು. ಸಾವಿರ ವರ್ಷಕ್ಕೂ ಹಿಂದೆ ಕನ್ನಡಿಗರೇ ಮಾಡಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಶಕ 872ರದು, ಅಂದರೆ ಕ್ರಿ.ಶ. 949–50. ಅದು ಹೇಳುವಂತೆ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಕೆಲವು ನಾಡುಗಳನ್ನು ಕೊಟ್ಟ. ಪಟ್ಟದಕಲ್ಲಿನ ಸುತ್ತಣ, ಎಪ್ಪತ್ತು ಹಳ್ಳಿಗಳ ಕಿಸುಕಾಡೂ ಅವುಗಳಲ್ಲೊಂದು. ನಿಮ್ಮ ಸೀಮೆಯ ಹೆಸರೂ ಆ ಕಲ್ಲಿನಲ್ಲಿದೆ!

ಅದೇ ಯುದ್ಧದಲ್ಲಿ ಮೆರೆದ ತನ್ನ ವೀರ ಮಣಲೆರನಿಗೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಬೆಳತೂರ ದಿಬ್ಬದಲ್ಲಿ ಕಾಳಿ ದೊಡ್ಡ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಆ ಕಾಳಗವನ್ನೇ ಕೆತ್ತಿಸಿದ, ಪೂಜೆಗೆಂದು ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟುತ್ತದೆಂದೂ ಬರೆಸಿದ. ದುಃಖವನ್ನು ಇಷ್ಟು ಗಟ್ಟಿಯಾಗಿ ಕಾಪಾಡಿದ ಇನ್ನೊಂದು ಬರಹ ನನಗೆ ಕಂಡಿಲ್ಲ.

ನಗುವವರು ನಗಲಿ. ನಿಮ್ಮೂರಿನ ಕೆಂಪು ಕಲ್ಲಿನ ಮೇಲೆ ಅದರ ಹೆಸರು ಕೆತ್ತಿಸಿ. ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಕಾಳಿಯ ಕಲ್ಲು ಅಲ್ಲಿದೆ.