ಲಕ್ವ ಹೊಡೆದ ಮೇಲಿನ ಆರು ತಿಂಗಳು

"ಮತ್ತೆ ಮೊದಲಿನ ಹಾಗೆ ಓಡಾಡ್ತಾರಾ ಡಾಕ್ಟ್ರೇ?" ಲಕ್ವ ಹೊಡೆದವರ ಮನೆಯವರು ಮೊದಲು ಕೇಳುವುದೇ ಇದನ್ನು. ಉತ್ತರ ಬಹುಮಟ್ಟಿಗೆ ಮೊದಲ ಕೆಲವು ತಾಸುಗಳ ಕೈಯಲ್ಲಿದೆ. ಮಿದುಳಿನ ದೊಡ್ಡ ರಕ್ತನಾಳಕ್ಕೆ ಹೆಪ್ಪು ಅಡ್ಡಬಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತವರನ್ನು ಬೆಳಗಾಗಲಿ ಎಂದು ಮಲಗಿಸುವಂತಿಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು.

ಉಳಿದದ್ದು ಮನೆಗೆ ಬಂದ ಮೇಲೆ. ಚೇತರಿಕೆ ಚುರುಕಾಗಿರುವುದು ಮೊದಲ ಮೂರು ತಿಂಗಳು. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಕಾಲಿಗೆ ಬಲ ಬಂದು ನಾಲ್ಕು ಹೆಜ್ಜೆ ಇಟ್ಟವರಿಗೂ ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದಿರಬಹುದು. ಸೋತ ಕೈಯನ್ನೇ ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಸಡಿಲವಾಗಿ ನೋವು ಕಾಡುತ್ತದೆ. ನೀರು ಕುಡಿಸಿದಾಗ ಕೆಮ್ಮು ಬಂದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ನ್ಯುಮೋನಿಯಾಕ್ಕೆ ಅದೇ ದಾರಿ. ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕವಿಯುತ್ತದೆ. ಮನೆಯವರು ಅದನ್ನು ಹಟ, ಸೋಮಾರಿತನ ಎಂದುಕೊಳ್ಳುವುದೇ ಹೆಚ್ಚು.

ಮನೆಯವರಿಗೇ ತರಬೇತಿ ಕೊಟ್ಟರೆ ಸಾಕೇ? ಭಾರತದ 14 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ 'ಅಟೆಂಡ್' ಅಧ್ಯಯನ ಇದನ್ನೇ ಪರೀಕ್ಷಿಸಿತು. ಆರು ತಿಂಗಳ ನಂತರ ತರಬೇತಿ ಪಡೆದ ಮನೆಗಳಲ್ಲೂ ಪಡೆಯದ ಮನೆಗಳಲ್ಲೂ ಶೇ. 47ರಷ್ಟು ರೋಗಿಗಳು ಒಂದೋ ತೀರಿಕೊಂಡಿದ್ದರು, ಇಲ್ಲವೇ ಪರಾವಲಂಬಿಗಳಾಗಿದ್ದರು. ಹೆಂಡತಿ, ಮಕ್ಕಳು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಪಳಗಿದ ಫಿಸಿಯೋಥೆರಪಿಸ್ಟ್‌ನ ಕೆಲಸವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗೆಂದು ಫಿಸಿಯೋಥೆರಪಿಗಾಗಿ ಆಸ್ಪತ್ರೆಗೆ ಹೋಗಿಬರುವುದೂ ಸುಲಭವಲ್ಲ. ಚೆನ್ನೈನ ಪಲ್ಲಾವರಂನಿಂದ ಲೋಕಲ್ ಟ್ರೈನ್ ಹತ್ತಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ಹತ್ತಿರವೇ. ಆದರೆ ಅರ್ಧ ಮೈ ಸೋತವರು ಆ ಗದ್ದಲದಲ್ಲಿ ಮೆಟ್ಟಿಲು ಹತ್ತಿಳಿಯುವುದು ಹೇಗೆ? ಇಂಥವರ ಮನೆಬಾಗಿಲಿಗೇ ಫಿಸಿಯೋಥೆರಪಿಯನ್ನೂ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಆರಂಭಿಸಿತು. ಚಾಲನೆ ಸಿಕ್ಕಿದ್ದು ಕನ್ನಡಿಗರೂ ನೆಲೆಸಿರುವ ಗಡಿಜಿಲ್ಲೆ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ.

ಆ ಮಾತ್ರೆಗಳ ಮಹತ್ವವೂ ಕಡಿಮೆಯದಲ್ಲ. ಒಮ್ಮೆ ಲಕ್ವ ಹೊಡೆದವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಐದು ವರ್ಷದೊಳಗೆ ಮತ್ತೆ ಹೊಡೆಯುತ್ತದೆ. ಕೈಕಾಲು ಆಡತೊಡಗಿದೊಡನೆ, ಈಗ ಆರಾಮಾಗಿದೆಯಲ್ಲ ಎಂದು ಬಿ.ಪಿ. ಮಾತ್ರೆಯನ್ನೂ ರಕ್ತ ತೆಳುಮಾಡುವ ಮಾತ್ರೆಯನ್ನೂ ಬಿಟ್ಟುಬಿಡುವವರು ಎಲ್ಲ ಊರಲ್ಲೂ ಇದ್ದಾರೆ.