ನಿಮಗಿದು ಗೊತ್ತೆ? ಪ್ರಕಟಣೆಯ ಸಾಲೇ ಸಿನಿಮಾ ಹೆಸರು

ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಯಲ್ಲಿ ಚಹರೆ ಹೇಳಲು ಬಳಸುವ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಮಾತೇ 2016ರ ಜೂನ್ 3ರಂದು ತೆರೆಕಂಡ ಕನ್ನಡ ಚಿತ್ರದ ಶೀರ್ಷಿಕೆ. ಇದು ಹೇಮಂತ್ ರಾವ್ ನಿರ್ದೇಶನದ ಮೊದಲ ಚಿತ್ರ.

ಮರೆವಿನ ಕಾಯಿಲೆ ಆಲ್ಝೈಮರ್‌ಗೆ ತುತ್ತಾದ ವೆಂಕೋಬ ರಾವ್ (ಅನಂತ್ ನಾಗ್) ಮಗನೊಂದಿಗೆ ಹೊರಗೆ ಬಂದಾಗ ಕಣ್ತಪ್ಪಿ ಹೋಗುತ್ತಾರೆ. ಹೆಣ ಸಾಗಿಸುತ್ತಿದ್ದ ಪಾತಕಿಗಳ ವಾಹನ ಹತ್ತಿಬಿಡುತ್ತಾರೆ. ಇತ್ತ ಮಗ ಶಿವ (ರಕ್ಷಿತ್ ಶೆಟ್ಟಿ), ವೈದ್ಯೆ ಸಹನಾ (ಶ್ರುತಿ ಹರಿಹರನ್) ಜೊತೆಗೂಡಿ ಹುಡುಕಾಟಕ್ಕಿಳಿಯುತ್ತಾನೆ. ಅಲೆದಾಟದ ನಡುವೆಯೇ ಇಬ್ಬರಲ್ಲೂ ಪ್ರೀತಿ ಚಿಗುರುತ್ತದೆ. ಚಿತ್ರಕ್ಕೆ ಸಂಗೀತ ನೀಡಿದವರು ಚರಣ್ ರಾಜ್.

2018ರಲ್ಲಿ ಇದು ‘60 ವಯದು ಮಾನಿರಂ’ ಹೆಸರಿನಲ್ಲಿ ತಮಿಳಿಗೆ ಹೋಯಿತು. ಅಲ್ಲಿ ತಂದೆಯ ಪಾತ್ರ ಪ್ರಕಾಶ್ ರಾಜ್ ಅವರದು.